ಆನೆ ಮಿಂದ ನೀರಿನ ಬೆನ್ನುಹತ್ತಿ

ಸಕ್ರೆಬೈಲಿಗೆ ಕ್ಯಾಮೆರಾ ಹಿಡಿದು ಬಂದವರಿಗೆಲ್ಲ ಬೇಕಾದದ್ದು ಒಂದೇ ಚಿತ್ರ: ತುಂಗೆಯ ಹಿನ್ನೀರಿನಲ್ಲಿ ಮಗ್ಗುಲಾಗಿ ಮಲಗಿದ ಆನೆ, ಅದರ ಮೈ ತಿಕ್ಕುವ ಮಾವುತ. ನನಗೂ ಅದೇ ಬೇಕಿತ್ತು. ಒದ್ದೆ ಮೈಯ ಕಪ್ಪು, ಪಕ್ಕದಲ್ಲೇ ಕಣ್ಣು ಕುಕ್ಕುವ ನೀರಿನ ಹೊಳಪು. ಎರಡನ್ನೂ ಒಟ್ಟಿಗೆ ಹಿಡಿಯಲು ಎಳೆಬಿಸಿಲೇ ಆಗಬೇಕು. ಸ್ನಾನ ಮುಗಿಯುತ್ತಲೇ ಜನ ಗಾಡಿ ತಿರುಗಿಸುತ್ತಾರೆ. ನನ್ನ ಮನಸ್ಸು ಮಾತ್ರ ನೀರಿನಲ್ಲೇ ಉಳಿಯಿತು. ಹೊಳೆ ಇಲ್ಲಿ ಇಷ್ಟು ಅಗಲಕ್ಕೆ ಹರಡಿ ನಿಂತಿದೆಯೆಂದರೆ, ಕೆಳಗೆ ಗಾಜನೂರಿನಲ್ಲಿ ಅದನ್ನು ತಡೆದಿದ್ದಾರೆ.

ಗಾಜನೂರಿನ ಅಣೆಕಟ್ಟೆಗೆ 22 ಗೇಟು, ಹಿಡಿಯುವುದು 3.24 ಟಿಎಂಸಿ. ಲಕ್ಕವಳ್ಳಿಯಲ್ಲಿ ಭದ್ರೆ 71.5 ಟಿಎಂಸಿ ತುಂಬಿಕೊಳ್ಳುತ್ತಾಳೆ, ಅದರ ಮುಂದೆ ಇದು ಬೊಗಸೆ ನೀರು. ಅದಕ್ಕೇ ಮಲೆನಾಡಿನಲ್ಲಿ ಮುಂಗಾರು ಜಡಿಯತೊಡಗಿದರೆ ಇದು ಬೇಗನೆ ತುಂಬುತ್ತದೆ. ಇಲ್ಲಿಂದ ಹೊರಟ ತುಂಗಾ ನಾಲೆ ಶಿವಮೊಗ್ಗದ ಬಡಾವಣೆಗಳ ನಡುವೆಯೇ ಹಾಯುತ್ತದೆ. ಊರವರಿಗೆ ಅದು ಚಾನಲ್.

ವೆನಿಸ್, ಆಮ್‌ಸ್ಟರ್‌ಡ್ಯಾಮ್‌ಗಳ ಚಿತ್ರ ನೋಡಿದವರಿಗೆ ಕಾಲುವೆಯ ಊರೆಂದರೆ ನೀರಿಗೆ ಮುಖ ಮಾಡಿದ ಮನೆಗಳು. ಅಲ್ಲಿ ಸರಕು ದೋಣಿಯಲ್ಲಿ ಬಂದು ಬಾಗಿಲಲ್ಲೇ ಇಳಿಯುತ್ತಿತ್ತು. ನಮ್ಮ ನೀರು ಗದ್ದೆಗೆಂದು ಹೊರಟದ್ದು. ಊರು ಬೆಳೆಯುತ್ತ ಅದರ ದಾರಿಗೆ ಬಂದು ಕೂತಿತು. ಹೊಸಮನೆ ಬಡಾವಣೆಯಲ್ಲಿ ಚಾನಲ್ ಏರಿಯ ಮೇಲೆ ನಡೆದರೆ ಕಾಣುವುದು ಹಿತ್ತಿಲು. ತಂತಿಗೆ ಹಾಕಿದ ಸೀರೆ, ನೀರೊಲೆಯ ಹೊಗೆ, ಕಾಂಪೌಂಡಿನ ಮೇಲೆ ಒಣಗುತ್ತಿರುವ ಹಪ್ಪಳ. ನನಗೆ ಊರಿನ ನಿಜವಾದ ಮುಖ ಸಿಕ್ಕಿದ್ದು ಇಲ್ಲೇ. ಏರಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಎಂತ ತೆಗಿತೀರಿ ಮಾರಾಯ್ರೆ ಇಲ್ಲಿ? ಹೊಳೆ ಹತ್ರ ಹೋಗಿ, ಚೆಂದ ಇದೆ" ಎಂದರು.

ಹೊಳೆ ಚೆಂದವೇ. ಕೋರ್ಪಲಯ್ಯನ ಛತ್ರದ ಬಳಿ ನದಿಯೊಳಗೆ ಕಲ್ಲುಮಂಟಪವಿದೆ. ಅದು ಮುಳುಗಿತೆಂದರೆ ತುಂಗೆ ತುಂಬಿದಳೆಂದು ಊರಿಗೆಲ್ಲ ಗೊತ್ತು. ಮಳೆ ಸುರಿಯುತ್ತಿದ್ದರೂ ಜನ ಕೊಡೆ ಹಿಡಿದು ನೋಡಲು ಬರುತ್ತಾರೆ. ಅದೇ ತುಂಗೆ ಹಿತ್ತಿಲಲ್ಲಿ ಹರಿದರೆ ಯಾರೂ ಕೈಮುಗಿಯುವುದಿಲ್ಲ. ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಅಲ್ಲಿ ಹೋಗಿ ನೋಡಬೇಕು: ಪ್ಲಾಸ್ಟಿಕ್ ಚೀಲ, ಥರ್ಮೋಕೋಲು, ಗಾಜೊಡೆದ ದೇವರಪಟ. ಆ ಚಿತ್ರಗಳನ್ನೂ ತೆಗೆದೆ, ಹೊಟ್ಟೆ ಉರಿಯಿತು. ಮತ್ತೆ ನೀರು ಬಿಟ್ಟಾಗ ಈ ಕಸವೆಲ್ಲ ಕೆಳಗಿನ ತೂಬುಗಳಿಗೆ ಕಟ್ಟಿಕೊಳ್ಳುತ್ತದೆ.

ಅದನ್ನು ಎಳೆದುಹಾಕುವವನು ಸೌಡಿ. ಯಾವ ಉಪನಾಲೆಗೆ ಎಷ್ಟು ನೀರು ಬಿಡಬೇಕು, ಯಾರ ಗದ್ದೆ ಇನ್ನೂ ಒಣಗಿದೆ ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ಶಿವಮೊಗ್ಗ ದಾಟಿದ ಮೇಲೆ ಅಂಥವರೊಬ್ಬರು ಸಿಕ್ಕರು, ಮೊಣಕಾಲುದ್ದ ನೀರಿನಲ್ಲಿ ನಿಂತು ತೂಬು ಬಿಡಿಸುತ್ತಿದ್ದರು. ಕೇಳಿಯೇ ಚಿತ್ರ ತೆಗೆದೆ. ಮುಖಕ್ಕಿಂತ ಕೈಗಳ ಚಿತ್ರ ಚೆನ್ನಾಗಿ ಬಂತು.

ಮುಂದಿನ ಸಲ ಭದ್ರಾವತಿಯ ಕಡೆ, ಭದ್ರಾ ನಾಲೆಯ ಏರಿ ಹಿಡಿದು ಹೋಗಬೇಕು. ಅದರ ಕೊನೆಯ ಭಾಗದ ರೈತರು ದಾವಣಗೆರೆ ಸೀಮೆಯಲ್ಲಿ ಸರದಿಗೆ ಕಾಯುತ್ತಿರುತ್ತಾರೆ.