ಗುಲಾಬಿ ಬಣ್ಣ ಬರಲೇ ಇಲ್ಲ!

ಹೋದ ವರ್ಷ ಏಪ್ರಿಲ್ ಮೊದಲ ವಾರ. ಬೆಂಗಳೂರಿನಿಂದ ಮೊಮ್ಮಗನ ಫೋನ್ ಬಂತು. "ಆಯಿ, ದೀಪಾವಳಿಗೆ ಬಂದಾಗ ಶಹಾಬಾದ್ ಹತ್ರ ಒಂದು ದೊಡ್ಡ ಹೊಂಡ ನೋಡಿದ್ವಲ್ಲ, ನೀಲಿ ನೀರಿಂದು? ಈ ಸಲ ರಜೆಗೆ ಬಂದಾಗ ಅಲ್ಲಿ ಈಜೋಣ್ವಾ?"

ಕಿವಿಗೆ ಹಿಡಿದ ಫೋನ್ ಹಾಗೇ ಉಳಿಯಿತು. ಬಾಯಿಂದ ಮಾತು ಹೊರಡಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಓಡಾಡಿದವರಿಗೆ ಆ ಹೊಂಡಗಳು ಗೊತ್ತು. ಪರಸಿ ಕಲ್ಲು ತೆಗೆದು ಬಿಟ್ಟ ಗಣಿಗಳು. ನಮ್ಮ ಕಲ್ಲು ಪದರು ಪದರಾಗಿ ಏಳುತ್ತದೆ. ಅದಕ್ಕೇ ಗಣಿಯ ಅಂಚು ಗೋಡೆ ಕಡಿದಂತೆ ನೆಟ್ಟಗೆ ಇರುತ್ತದೆ. ಮಳೆಗಾಲದಲ್ಲಿ ತುಂಬಿದ ನೀರು ನೋಡಲು ಕನ್ನಡಿಯಷ್ಟು ತಿಳಿ. ಆದರೆ ಇಳಿದವನಿಗೆ ಕಾಲೂರಲು ಮೆಟ್ಟಿಲಿಲ್ಲ, ಹಿಡಿಯಲು ದಂಡೆಯಿಲ್ಲ. ಐವತ್ತು ವರ್ಷದ ಹಿಂದೆ ನನ್ನ ತಮ್ಮ ಅಂಥದೊಂದು ಹೊಂಡಕ್ಕೆ ಗೆಳೆಯರ ಜೊತೆ ಹೋದವನು ತಿರುಗಿ ಬರಲಿಲ್ಲ. ಅವನಿಗೆ ಆಗ ಒಂಬತ್ತು. ನನಗೆ ಹನ್ನೊಂದು. ನಮ್ಮವ್ವ ಆಮೇಲೆ ಆ ದಾರಿ ತುಳಿಯಲೇ ಇಲ್ಲ. ನಾವು ಉಳಿದ ಮಕ್ಕಳ್ಯಾರೂ ಈಜು ಕಲಿಯಲಿಲ್ಲ.

ಈಜು ಕಲಿಯದೇ ಇರುವುದೇ ಸುರಕ್ಷಿತ ಅಂತ ಇಷ್ಟು ವರ್ಷ ನಂಬಿದ್ದೆ. ಮೊಮ್ಮಗನ ಮಾತು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಇವತ್ತು ಆಯಿ ಬೇಡ ಅಂದರೆ ಕೇಳುತ್ತಾನೆ. ನಾಳೆ ದೊಡ್ಡವನಾಗಿ ಗೆಳೆಯರ ಜೊತೆ ಹೋದರೆ? ಕಲಿಯಲಿ, ಆದರೆ ನನ್ನ ಕಣ್ಣ ಮುಂದೆಯೇ ಕಲಿಯಲಿ ಅನ್ನಿಸಿತು.

ನಮ್ಮ ಮನೆ ಚಿತ್ತಾಪುರದ ಹೊರಗೆ ಹೊಲಕ್ಕೆ ಅಂಟಿಕೊಂಡೇ ಇದೆ. ನಿಂಬೆ, ಕರಿಬೇವು, ತರಕಾರಿಗೆಂದು ಮನೆಯವರು ಹಿಂದೊಮ್ಮೆ ಒಂದು ಹೌದ ಕಟ್ಟಿಸಿದ್ದರು. ಹೌದ ಅಂದರೆ ನೀರಿನ ತೊಟ್ಟಿ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಗೋಡೆಗೆ ಸಿಮೆಂಟಿನ ಗಿಲಾವು, ತಳಕ್ಕೆ ನಮ್ಮದೇ ಪರಸಿ. ಅದರಲ್ಲಿ ಬೋರಿನ ನೀರು ನಾಲ್ಕು ಅಡಿ ನಿಲ್ಲಿಸಬಹುದು. "ಇದನ್ನೇ ತೊಳೆದು ಕೊಡೋಣ" ಅಂದರು ಮನೆಯವರು. ಊರಿನ ಒಬ್ಬ ಪಿ.ಟಿ. ಮಾಸ್ತರು ಕಲಿಸಲು ಒಪ್ಪಿದರು.

ಸೊಸೆ ಮಾತ್ರ ಒಂದು ಪ್ರಶ್ನೆ ಎತ್ತಿದಳು. "ಅತ್ತೆ, ಕೇರಳದಲ್ಲಿ 2024ರಲ್ಲಿ ಕೆರೆ ನೀರಲ್ಲಿ ಮಿಂದ ಮಕ್ಕಳಿಗೆ ಮೂಗಿನಿಂದ ಅಮೀಬಾ ಹೋಗಿ ಮೆದುಳು ಜ್ವರ ಬಂತಲ್ಲ, ಕೆಲವು ಮಕ್ಕಳು ಹೋಗೇಬಿಟ್ಟವು. ನಿಂತ ನೀರು, ಅದೂ ಬೇಸಿಗೆಯಲ್ಲಿ ಬಿಸಿಯಾದ ನೀರು. ಕ್ಲೋರಿನ್ ಸರಿಯಾಗಿ ಇದೆ ಅಂತ ಅಳೆದು ಹೇಳ್ತೀರಾ? ಹಾಗಾದ್ರೆ ಕಳಿಸ್ತೀನಿ."

ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದರೂ "ಅಳೀತೀನಿ ಬಿಡವ್ವ" ಅಂದುಬಿಟ್ಟೆ. ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆ. ಎರಡು ಪುಟ್ಟ ಗಾಜಿನ ಕೊಳವೆ, ಬಣ್ಣದ ಪಟ್ಟಿ. ಕ್ಲೋರಿನ್ನಿಗೆ ಡಿಪಿಡಿ ಮಾತ್ರೆ: ಹಾಕಿದರೆ ನೀರು ಗುಲಾಬಿ ಆಗಬೇಕು. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಪಿಎಚ್‌ಗೆ ಫಿನಾಲ್ ರೆಡ್ ಹನಿ: ಹಳದಿಯಾದರೆ ಹುಳಿ, ಕೆಂಪಾದರೆ ಕ್ಷಾರ. ಈಜುವ ನೀರಿಗೆ ಪಿಎಚ್ 7.2ರಿಂದ 7.8 ಇರಬೇಕು. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಅಂದರೆ 1ರಿಂದ 3 ಪಿಪಿಎಂ.

ಲೆಕ್ಕ ಕಷ್ಟವೇನಲ್ಲ. 12x8x4 ಅಂದರೆ 384 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಒಟ್ಟು ಸುಮಾರು 11,000 ಲೀಟರ್. ಸಾವಿರ ಲೀಟರಿಗೆ ಒಂದು ಗ್ರಾಂ ಕ್ಲೋರಿನ್ ಹಾಕಿದರೆ 1 ಪಿಪಿಎಂ. ನನಗೆ 2 ಬೇಕು, ಅಂದರೆ 22 ಗ್ರಾಂ. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುವುದು ಸುಮಾರು ಶೇ 30. ಹಾಗಾಗಿ ಪೌಡರ್ 75 ಗ್ರಾಂ ಸಾಕು.

ಹೊಲದ ಕೋಣೆಯಲ್ಲಿ ಹಳೆಯ ಪೊಟ್ಟಣವೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದನ್ನೇ ತಕ್ಕಡಿಯಲ್ಲಿ ತೂಗಿ ಹಾಕಿದೆ. ಬೆಳಿಗ್ಗೆ ಪರೀಕ್ಷೆ ಮಾಡಿದರೆ ಬಣ್ಣವೇ ಇಲ್ಲ. ಪೇಟೆ ಅಂಗಡಿಯವನನ್ನು ಕೇಳಿದೆ. "ಹಳೇದು ಸತ್ತಿರ್ತದ ಅಮ್ಮಾ. ಹೊಸಾದು ಅರ್ಧ ಕಿಲೋ ಹಾಕ್ರಿ, ಏನೂ ಆಗಂಗಿಲ್ಲ" ಅಂದ. ಮಕ್ಕಳು ಬರಲು ಎರಡೇ ದಿನ ಉಳಿದಿತ್ತು. ಅವಸರದಲ್ಲಿ ನನ್ನ ಲೆಕ್ಕ ಬದಿಗಿಟ್ಟೆ, ಅವನ ಮಾತು ಹಿಡಿದೆ. ಸಂಜೆ ಅರ್ಧ ಕಿಲೋ ಪೂರ್ತಿ ಹಾಕಿದೆ. ನೀರು ಹಾಲು ಬೆರೆಸಿದಂತೆ ಮಸುಕಾಯಿತು.

ಮರುದಿನ ಬೆಳಿಗ್ಗೆ ಕೊಳವೆ ತುಂಬಿ ಮಾತ್ರೆ ಹಾಕಿದೆ. ಮತ್ತೆ ಗುಲಾಬಿ ಇಲ್ಲ! ನೀರು ನೀರಾಗಿಯೇ ಇತ್ತು. ಪಿಎಚ್ ನೋಡಿದರೆ ಪಟ್ಟಿಯಲ್ಲೇ ಇಲ್ಲದ ನೇರಳೆ ಬಣ್ಣ. ಸಿಟ್ಟು ಬಂತು. ಇನ್ನರ್ಧ ಕಿಲೋ ಸುರಿಯಲೆಂದು ಬಕೆಟ್ಟಿನಲ್ಲಿ ಕಲಸಿಯೂ ಆಗಿತ್ತು. ಆಗ ಯಾಕೋ ಅಣ್ಣನ ಮಗನಿಗೊಂದು ಫೋನ್ ಮಾಡೋಣ ಅನ್ನಿಸಿತು. ಅವನು ವಾಡಿ ಕಡೆ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಸುಣ್ಣದ ಕಲ್ಲು ಅಳೆಯುವುದೇ ಅವನ ದಿನದ ಕಾಯಕ.

ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. "ಅತ್ತಿ, ಮಾತ್ರಿ ಹಾಕಿದ ಕೂಡ್ಲೆ ಒಂದು ಕ್ಷಣ ಗುಲಾಬಿ ಬಂದು ಹೋಯ್ತೇನ್ರಿ?"

ಯೋಚಿಸಿದೆ. ಹೌದು! ಮಾತ್ರೆ ತಳ ಮುಟ್ಟುವಾಗ ಒಂದು ಎಳೆ ಬಂದಂತಾಗಿ ಮಾಯವಾಗಿತ್ತು.

"ನೀರಾಗ ಯಾರನ್ನೂ ಇಳಿಸಬ್ಯಾಡ್ರಿ. ಬಕೆಟ್ ಮುಟ್ಟಬ್ಯಾಡ್ರಿ. ನಾ ಬರ್ತೀನಿ."

ಗಂಟೆಯೊಳಗೆ ಬೈಕಿನಲ್ಲಿ ಬಂದ. ನಮ್ಮ ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೇಳಿದ. ಹೌದದ ನೀರು ಒಂದು ಪಾಲು, ಬ್ಯಾಟರಿ ನೀರು ಒಂಬತ್ತು ಪಾಲು ಬೆರೆಸಿ ಮಾತ್ರೆ ಹಾಕಿದ. ಕೊಳವೆಯಲ್ಲಿ ಚೆಂದದ ಗುಲಾಬಿ ಅರಳಿ ನಿಂತಿತು. ಪಟ್ಟಿಯ ಪಕ್ಕ ಹಿಡಿದರೆ 1ಕ್ಕೂ 1.5ಕ್ಕೂ ನಡುವೆ. ಹತ್ತರಿಂದ ಗುಣಿಸಿದರೆ ಸುಮಾರು 12. ಇರಬೇಕಾದ್ದು ಹೆಚ್ಚೆಂದರೆ 3!

ಆಗ ನನಗೆ ಅರ್ಥ ಆಯ್ತು. ಕ್ಲೋರಿನ್ 10 ಪಿಪಿಎಂ ದಾಟಿದರೆ ಅದು ಬಟ್ಟೆಯ ಬಣ್ಣ ತಿನ್ನುವಂತೆ ಪರೀಕ್ಷೆಯ ಬಣ್ಣವನ್ನೂ ತಿಂದುಬಿಡುತ್ತದೆ. ನಾನು "ಇಲ್ಲವೇ ಇಲ್ಲ" ಅಂದುಕೊಂಡದ್ದು "ವಿಪರೀತ ಇದೆ" ಅನ್ನುವುದರ ಗುರುತು. ಆ ನೇರಳೆ ಬಣ್ಣವೂ ಅದೇ ಕ್ಲೋರಿನ್ನಿನ ಆಟ, ನಿಜವಾದ ಪಿಎಚ್ ಅಲ್ಲ. ಇನ್ನರ್ಧ ಕಿಲೋ ಹಾಕಿ, "ಅಳೆದಿದ್ದೀನಿ" ಅಂತ ಸೊಸೆಗೆ ಹೇಳಿ, ಆ ನೀರಿಗೆ ಮಕ್ಕಳನ್ನು ಇಳಿಸಿದ್ದರೆ? ನೆನೆಸಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟೆ.

"ಇದಕ್ಕ ಮದ್ದು ಏನಪ್ಪಾ?" ಕೇಳಿದೆ.

"ನಮ್ಮ ಬಿಸಿಲೇ ಮದ್ದು ಅತ್ತಿ. ತೆರೆದಿಡ್ರಿ" ಎಂದು ನಕ್ಕ. ನಿಜ, ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ಮರುದಿನ ಸಂಜೆಗೆ 3ಕ್ಕೆ ಇಳಿದಿತ್ತು. ಅಂದಿನಿಂದ ಪೌಡರ್ ಹಾಕುವುದು ಸೂರ್ಯ ಮುಳುಗಿದ ಮೇಲೆ, ಪರೀಕ್ಷೆ ಬೆಳಿಗ್ಗೆ ಮಕ್ಕಳು ಇಳಿಯುವ ಮುಂಚೆ ಅಂತ ನಿಯಮ ಮಾಡಿಕೊಂಡೆ.

ಇನ್ನೊಂದು ಪಾಠ ಪಿಎಚ್‌ನದು. ನಮ್ಮ ನೆಲವೇ ಸುಣ್ಣದ ಕಲ್ಲು, ಬೋರಿನ ನೀರು ಗಡಸು. ಕುಡಿಯುವ ನೀರಿಗೆ ಸರ್ಕಾರಿ ಮಾನದಂಡದಲ್ಲಿ ಗಡಸುತನ 200 ಇದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಅಡ್ಡಿಯಿಲ್ಲ. ಅಣ್ಣನ ಮಗ ಲ್ಯಾಬಿನಲ್ಲಿ ನೋಡಿದಾಗ ನಮ್ಮದು 520 ಬಂತು. ಈಜುಕೊಳಕ್ಕೆ ಹೇಳುವ ಅಳತೆ 200ರಿಂದ 400. ಇಂಥ ನೀರು ಬೋರಿನಿಂದ ಬಂದಾಗ ಪಿಎಚ್ 7.4 ಇದ್ದರೂ ಎರಡು ದಿನ ತೆರೆದಿಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 8 ದಾಟುತ್ತದೆ. ಸುಣ್ಣ ಬೇರ್ಪಟ್ಟು ನೀರು ಹಾಲಾಗುತ್ತದೆ. ಹಂಡೆಯ ತಳಕ್ಕೆ ಬಿಳಿ ಪೊರೆ ಕಟ್ಟುವುದೂ ಇದರಿಂದಲೇ. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣ ಇದೆ, ಅದೂ ಸೇರಿಕೊಳ್ಳುತ್ತದೆ. ಅದಕ್ಕೇ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಷ್ಟೇ ಹೌದಕ್ಕೆ ಹಾಕಬೇಕು. ತಳದ ಗಸಿ ಬೇಡ.

ನೀರು ಮಸುಕಾಗುವುದು ಬರೀ ನೋಟದ ಮಾತಲ್ಲ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಚುರುಕಾಗಿ ಕೆಲಸ ಮಾಡುತ್ತದೆ. 8ಕ್ಕೆ ಏರಿದರೆ ಕಾಲು ಭಾಗ. ಕೊಳವೆಯಲ್ಲಿ ಗುಲಾಬಿ ಒಂದೇ ಥರ ಕಂಡರೂ ನೀರಿನಲ್ಲಿ ಅದರ ಶಕ್ತಿ ಬೇರೆ.

ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು. ಇಲ್ಲಿ ಎಚ್ಚರ. ನಿಂಬೆ ರಸ ಬಿದ್ದ ಪರಸಿ ಬಂಡೆ ಏನಾಗುತ್ತದೆ ಅಂತ ನಮ್ಮ ಕಡೆಯ ಪ್ರತಿ ಹೆಂಗಸಿಗೂ ಗೊತ್ತು, ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ನಿಂಬೆಗೇ ಹಾಗಾದರೆ ಆಸಿಡ್‌ಗೆ? ಮೊದಲ ದಿನ ಒಂದು ಹನಿ ಕಟ್ಟೆಯ ಮೇಲೆ ಬಿದ್ದು ಬುಸ್ಸೆಂದು ನೊರೆ ಬಂತು. ಆ ಗುರುತು ಇವತ್ತಿಗೂ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಅದಕ್ಕೆ ಆಸಿಡ್. ಎಂದೂ ತಿರುಗುಮುರುಗು ಮಾಡಬಾರದು. ಕೈಗವಸು, ಕನ್ನಡಕ ಹಾಕಿಕೊಂಡು, ಒಂದು ಸಲಕ್ಕೆ 100 ಮಿ.ಲೀ. ಮೀರದಂತೆ ಹಾಕಿ, ಉದ್ದ ಕೋಲಿನಿಂದ ನೀರು ಕಲಕಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಎಲ್ಲಕ್ಕಿಂತ ಮುಖ್ಯ, ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್ಟಿಗೆ ಬರಲೇಬಾರದು. ಬಂದರೆ ವಿಷದ ಗಾಳಿ ಏಳುತ್ತದೆ. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಬಕೆಟ್, ಬೇರೆ ಬೇರೆ ಕೋಣೆ, ಬೀಗ ಹಾಕಿದ ಬಾಗಿಲು.

ನೀರು ತೆಗೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ನಾನು ತಪ್ಪಿದ್ದೇ ಅಲ್ಲಿ. ಮೇಲಿನ ನೀರು ಬೇಡ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಿರಿ. ಕೊಳವೆಯನ್ನು ಅದೇ ನೀರಿನಲ್ಲಿ ಎರಡು ಸಲ ಜಾಲಾಡಿಸಿ. ಮಾತ್ರೆ ಬೆರಳಲ್ಲಿ ಮುಟ್ಟಬೇಡಿ. ಬಿಸಿಲಲ್ಲಿ ನಿಂತು ಬಣ್ಣ ನೋಡಬೇಡಿ, ನೆರಳಲ್ಲಿ ಬಿಳಿ ಹಾಳೆ ಹಿಂದಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಮಾತ್ರೆಯ ಅವಧಿ ಮುಗಿದಿದೆಯೇ ನೋಡಿ. ಬಣ್ಣ ಬರದಿದ್ದರೆ ಕೂಡಲೇ ಪೌಡರ್ ಸುರಿಯಬೇಡಿ, ಬೆರೆಸಿ ಇನ್ನೊಮ್ಮೆ ನೋಡಿ.

ಮಕ್ಕಳು ಬಂದರು. ವಾಡಿ ಜಂಕ್ಷನ್ನಿನಲ್ಲಿ ಇಳಿದವನು ಕೇಳಿದ ಮೊದಲ ಮಾತೇ "ನೀರು ರೆಡಿನಾ?" ಅಂದು. ಚಿಂಚೋಳಿಯ ನೆಂಟರು "ನಮ್ಮ ಚಂದ್ರಂಪಳ್ಳಿ ಡ್ಯಾಮಿಗೇ ಕರಕೊಂಡು ಬರ್ರಿ" ಅಂತ ಕರೆದಿದ್ದರು. ನೋಡಲು ಬರ್ತೀವಿ, ಈಜಲು ಅಲ್ಲ ಅಂದೆ.

ಒಂದು ವಾರ ಚೆನ್ನಾಗಿ ನಡೆಯಿತು. ಓಣಿಯ ಹುಡುಗರೂ ಸೇರಿಕೊಂಡರು. ಒಂದು ದಿನ ಎಲ್ಲರ ಕಣ್ಣೂ ಕೆಂಪು, ನೀರಿಗೆ ಘಾಟು ವಾಸನೆ. ಕ್ಲೋರಿನ್ ಜಾಸ್ತಿ ಆಯ್ತು ಅಂದುಕೊಂಡೆ. ಅಳೆದರೆ ಅರ್ಧಕ್ಕಿಂತ ಕಡಿಮೆ! ಆ ಘಾಟು ಬೆವರು, ಮೂತ್ರದ ಜೊತೆ ಸೇರಿ ಕೆಟ್ಟ ಕ್ಲೋರಿನ್ನಿನದು ಅಂತ ಆಗ ತಿಳಿಯಿತು. ನಮ್ಮ ಹೌದಕ್ಕೆ ಫಿಲ್ಟರ್ ಇಲ್ಲ. ಅವತ್ತು ಈಜು ಬಂದ್ ಮಾಡಿ, ಎರಡು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಸೊನ್ನೆ ಆದ ಮೇಲೆ ನೀರನ್ನು ನಿಂಬೆ ಗಿಡಕ್ಕೆ ಹರಿಸಿದೆವು. ಬೇಸಿಗೆಯಲ್ಲಿ 11,000 ಲೀಟರ್ ಚೆಲ್ಲಲು ಮನಸ್ಸು ಹೇಗೆ ಬರುತ್ತದೆ? ಅಂದಿನಿಂದ ಸ್ನಾನ ಮಾಡಿಯೇ ಇಳಿಯಬೇಕು, ನಡುನಡುವೆ ಎದ್ದು ಬಚ್ಚಲಿಗೆ ಹೋಗಿ ಬರಬೇಕು. ತಳದಲ್ಲಿ ಹಾಕಿದ ಐದು ರೂಪಾಯಿ ನಾಣ್ಯ ಮೇಲಿನಿಂದ ಕಾಣದಿದ್ದರೆ ಅವತ್ತು ಈಜೇ ಇಲ್ಲ. ಇನ್ನು ಮಾಸ್ತರಿರಲಿ, ಇಲ್ಲದಿರಲಿ, ದೊಡ್ಡವರೊಬ್ಬರು ಫೋನ್ ಒಳಗಿಟ್ಟು ಕಟ್ಟೆಯ ಮೇಲೆ ಕೂತಿರಲೇಬೇಕು.

ಒಂದು ಬೆಳಿಗ್ಗೆ ಮೊಮ್ಮಗ ಕೊಳವೆ ಹಿಡಿದು ನಿಂತವನು ಕೇಳಿದ, "ಆಯಿ, ನೀರು ಇಷ್ಟು ಕ್ಲೀನಾಗಿ ಕಾಣ್ತಿದೆ. ದಿನಾ ಯಾಕೆ ಟೆಸ್ಟ್ ಮಾಡ್ಬೇಕು?"

ಅವನ ವಯಸ್ಸು ಒಂಬತ್ತು. ಅವತ್ತು ಅವನಿಗೆ ನನ್ನ ತಮ್ಮನ ಕಥೆ ಹೇಳಿದೆ. ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. "ಆ ಹೊಂಡದ ನೀರೂ ಹಿಂಗೇ ತಿಳಿಯಾಗಿತ್ತು ಮಗಾ" ಅಂದೆ. ಅವನು ಏನೂ ಮಾತಾಡಲಿಲ್ಲ. ಕೊಳವೆಯನ್ನು ಬಿಳಿ ಹಾಳೆಯ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಎರಡು" ಅಂದ. ಆಮೇಲೆ ಪಿಎಚ್ ನೋಡಿ "ಏಳೂವರೆ" ಅಂತ ನೋಟ್‌ಬುಕ್ಕಿನಲ್ಲಿ ತಾನೇ ಬರೆದ.

ರಜೆ ಮುಗಿಯುವ ಹೊತ್ತಿಗೆ ಹೌದದ ಈ ಗೋಡೆಯಿಂದ ಆ ಗೋಡೆಗೆ ಒಬ್ಬನೇ ಹೋಗುತ್ತಿದ್ದ. ಹನ್ನೆರಡೇ ಅಡಿ. ನಮ್ಮ ಮನೆಯಲ್ಲಿ ಐವತ್ತು ವರ್ಷದಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ. ನೋಟ್‌ಬುಕ್ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ. ಈ ವರ್ಷ ಹೊಸ ಮಾತ್ರೆ ತರಿಸಿದ್ದೇನೆ. ಮಾಸ್ತರಿಗೂ ಹೇಳಿಟ್ಟಿದ್ದೇನೆ, ಈ ಸಲ ಶಿಷ್ಯರಲ್ಲಿ ಒಬ್ಬಳಿಗೆ ಅರವತ್ತು ದಾಟಿದೆ ಅಂತ.