ಹಂಪೆ, ಸಂಡೂರು, ಕಂಪ್ಲಿಯ ಪ್ರವಾಸಕ್ಕೆ ಒಂದು ಬಾಡಿಗೆಯ ಬಂಡಿ

ಹಂಪೆಯನ್ನು ನೋಡಿ ಬಂದವರು ಅಲ್ಲಿಯ ಗುಡಿಗೋಪುರಗಳ ವರ್ಣನೆಯನ್ನು ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ಗುಡಿಗಳ ಬಾಗಿಲಿನವರೆಗೆ ತಾವು ಯಾವ ವಾಹನದಲ್ಲಿ ಹೋದೆವು, ಅದರ ಬಾಡಿಗೆಯ ಕರಾರು ಹೇಗಿತ್ತು, ಜೊತೆಯಲ್ಲಿದ್ದ ವೃದ್ಧರು ಅದನ್ನು ಹತ್ತಿಳಿದ ಬಗೆ ಹೇಗೆ ಎಂಬುದನ್ನು ಹೇಳಿದವರು ವಿರಳ. ಸಂಸಾರಸ್ಥನಿಗಾದರೋ ಮೊದಲು ತಿಳಿಯಬೇಕಾದುದು ಅದೇ. ಈ ವಿಷಯದಲ್ಲಿ ಒಮ್ಮೆ ಕೆಟ್ಟು ಒಮ್ಮೆ ತಿದ್ದಿಕೊಂಡವನಾದುದರಿಂದ ನಾಲ್ಕು ಮಾತು ಬರೆಯುವ ಸಲಿಗೆಯನ್ನು ವಾಚಕರು ಕೊಡುವರೆಂದು ನಂಬಿದ್ದೇನೆ.

ಮೊದಲು ನೆಲದ ಸ್ವರೂಪವನ್ನು ಹೇಳಬೇಕು. ಹೊಸಪೇಟೆಯನ್ನು ನಡುವಿನ ಗುಬ್ಬಿಯೆಂದು ಭಾವಿಸಿದರೆ, ಹಂಪೆ, ಸಂಡೂರು, ಕಂಪ್ಲಿಗಳು ಅದರಿಂದ ಹೊರಟ ಮೂರು ಅರೆಕಾಲುಗಳ ತುದಿಯಲ್ಲಿವೆ. ಹಂಪೆ ಸುಮಾರು ೧೩ ಕಿಲೋಮೀಟರು. ಆಗ್ನೇಯಕ್ಕೆ ಸಂಡೂರು ಸುಮಾರು ೩೦. ಈಶಾನ್ಯಕ್ಕೆ ಹೊಳೆಯ ದಡದ ಕಂಪ್ಲಿಯೂ ಸುಮಾರು ಅಷ್ಟೇ. ಒಂದರ ದಾರಿಯಲ್ಲಿ ಇನ್ನೊಂದು ಸಿಕ್ಕುವುದಿಲ್ಲ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪೆಗಳು ಆ ಜಿಲ್ಲೆಗೆ ಸೇರಿದುವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಈ ಸೀಮೆಯನ್ನು ಮರುಭೂಮಿಯೆನ್ನಲಾಗದು. ತುಂಗಭದ್ರೆ ನಡುವೆ ಹರಿಯುತ್ತಾಳೆ, ಕಾಲುವೆಯ ಕೆಳಗೆ ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಆದರೆ ಕಾಲುವೆಯಿಂದ ಒಂದು ಕೂಗಳತೆ ಆಚೆಗೆ ಹೋದಿರೋ, ಬಂಡೆಯ ಮೇಲೆ ಬಂಡೆ, ಅದರ ಸಂದಿನಲ್ಲಿ ಮುಳ್ಳುಕಂಟಿ. ಚೈತ್ರ ವೈಶಾಖಗಳಲ್ಲಿ ಹಗಲೆಲ್ಲ ಕಾದ ಕಲ್ಲು ರಾತ್ರಿ ಎಂಟು ಗಂಟೆಯಾದರೂ ಆರುವುದಿಲ್ಲ. ಇಂತಹ ಸ್ಥಳದಲ್ಲಿ ವಾಹನವೆಂಬುದು ಕಾಲಿಗೆ ಬದಲು ಮಾತ್ರವಲ್ಲ, ನೆರಳಿಗೂ ಬದಲು.

ಮೂರು ವರ್ಷಗಳ ಹಿಂದೆ ಇಂತಹ ಚೈತ್ರದಲ್ಲಿಯೇ ನಾವು ಐದು ಮಂದಿ ಹೊಸಪೇಟೆಯಲ್ಲಿ ಇಳಿದೆವು: ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ನನ್ನ ಅಕ್ಕ, ತಮ್ಮನ ಮಗ, ಒಂಬತ್ತು ವರ್ಷದ ಮೊಮ್ಮಗಳು. ಅಕ್ಕನನ್ನು ಕೊಟ್ಟದ್ದು ಕಂಪ್ಲಿಗೆ. ಭಾವನವರು ತೀರಿಕೊಂಡು ಮನೆಯನ್ನು ಮಾರಿದ ಮೇಲೆ ಆಕೆ ನಮ್ಮ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ಬಸ್ಸಿನ ಮೆಟ್ಟಿಲು ಆಕೆಗೆ ಬೆಟ್ಟವಾಯಿತು. ಒಮ್ಮೆ ಕಂಪ್ಲಿಯ ಹೊಳೆಯನ್ನು ನೋಡಬೇಕೆಂಬುದೊಂದೇ ಆಕೆಯ ಬಯಕೆ. ಹಂಪೆ ಸಂಡೂರುಗಳೆಲ್ಲ ನಮ್ಮ ಬಯಕೆ.

ವಾಹನವನ್ನು ಗೊತ್ತುಮಾಡುವ ಭಾರವನ್ನು ಹುಡುಗನಿಗೆ ಬಿಟ್ಟೆನು. ತಾನೇ ಓಡಿಸುವುದಾಗಿ ಹೇಳಿ ಅವನು ತಂದದ್ದು ಮೂರು ಬಾಗಿಲಿನ, ಎದೆಯೆತ್ತರದ ಒಂದು ಜೀಪು. ಕಲ್ಲಿನ ಸೀಮೆಗೆ ಇಂತಹುದೇ ತಕ್ಕದ್ದೆಂದು ಅವನ ವಾದ. ನೋಡಲು ಠೀವಿಯಾಗಿತ್ತು. ಆದರೆ ಹಿಂದಿನ ಆಸನಕ್ಕೆ ಹೋಗಬೇಕಾದರೆ ಮುಂದಿನದನ್ನು ಮಡಿಸಿ, ಕಾಲನ್ನು ಸೊಂಟದವರೆಗೆ ಎತ್ತಿ, ಮೈಯನ್ನು ತಿರುಚಿ ನುಸುಳಬೇಕು. ಮುಂದಿನ ಆಸನಕ್ಕಾದರೂ ಹತ್ತೋಣವೆಂದು ಅಕ್ಕ ಎರಡು ಸಲ ಪ್ರಯತ್ನಿಸಿದಳು. ಮೂರನೆಯ ಸಲಕ್ಕೆ, "ನೀವು ಹೋಗಿ ಬನ್ನಿ, ನನಗೆ ನಿದ್ದೆ ಬರ್ತಿದೆ" ಎಂದು ತಿರುಗಿದಳು. ಬೆಳಗಿನ ಏಳು ಗಂಟೆಗೆ ಯಾರಿಗೆ ನಿದ್ದೆ! ಅದು ನನಗೆ ತಿಳಿದಿತ್ತು. ಆದರೂ ಮುಂಗಡ ಕೊಟ್ಟಾಗಿತ್ತೆಂದು ಆಕೆಯನ್ನು ವಸತಿಗೃಹದಲ್ಲಿ ಬಿಟ್ಟು ನಾವು ಹೊರಟೆವು.

ಇದು ಒಂದು ತಪ್ಪು. ಎರಡನೆಯದನ್ನು ಬರೆಯಲು ಇನ್ನೂ ಸಂಕೋಚವಾಗುತ್ತದೆ. ಆ ಜೀಪಿನ ಫಲಕ ಬಿಳಿಯದು. ಬಿಳಿಯ ಫಲಕದ ಮೇಲೆ ಕರಿಯ ಅಕ್ಷರವಿದ್ದರೆ ಅದು ಸ್ವಂತದ ಉಪಯೋಗಕ್ಕೆಂದು ನೋಂದಣಿಯಾದ ವಾಹನ; ಅದನ್ನು ಬಾಡಿಗೆಗೆ ಕೊಡತಕ್ಕದ್ದಲ್ಲ. ಮಾಲಿಕನು ಬೀಗದ ಕೈ ಕೊಡುವಾಗ, "ಯಾರಾದರೂ ಕೇಳಿದರೆ ಸ್ನೇಹಿತರ ಗಾಡಿ ಅಂದುಬಿಡಿ ಸಾರ್, ಅಷ್ಟೇ" ಎಂದಿದ್ದನು. ಸಂಡೂರಿನ ದಾರಿಯಲ್ಲಿ ಪೋಲೀಸಿನವರು ನಿಲ್ಲಿಸಿದರು. ಕಾಗದಪತ್ರದ ಹೆಸರಿಗೂ ಓಡಿಸುವವನ ಹೆಸರಿಗೂ ಹೊಂದಲಿಲ್ಲ. ಹುಡುಗ ತಡವರಿಸಿದ. ಆಗ ನಾನು, ಮೂವತ್ತು ವರ್ಷ ಬೆಂಚಿನ ಮೇಲೆ ಹುಡುಗರನ್ನು ನಿಲ್ಲಿಸಿ ಸುಳ್ಳು ಹೇಳಬಾರದೆಂದು ಪಾಠ ಮಾಡಿದವನು, ಕಿಟಕಿಯಿಂದ ಬಾಗಿ, "ನಮ್ಮ ಸ್ನೇಹಿತರದು" ಎಂದೆನು. ಬಿಳಿಯ ಕೂದಲನ್ನು ನೋಡಿ ಅವರು ನಂಬಿದರು. ಗಾಡಿ ಅರ್ಧ ಮೈಲಿ ಹೋದ ಮೇಲೆ ಮೊಮ್ಮಗಳು, "ತಾತ, ಆ ಸ್ನೇಹಿತರ ಹೆಸರೇನು?" ಎಂದಳು. ಪರಿಹಾಸ್ಯಕ್ಕಲ್ಲ, ತಿಳಿಯಬೇಕೆಂದೇ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ದಿನ ಕುಮಾರಸ್ವಾಮಿ ಬೆಟ್ಟದಲ್ಲಿ ಜೀಪನ್ನು ಹಿಂದಕ್ಕೆ ತೆಗೆಯುವಾಗ ಬಂಡೆಗೆ ತಾಕಿ ಹಿಂಬದಿಯ ದೀಪ ಒಡೆದು ತಗಡು ನಗ್ಗಿತು. ವಿಮೆಯಿಲ್ಲವೇ ಎಂದು ಕೇಳಿದರೆ ಮಾಲಿಕನೇ, "ಬಾಡಿಗೆಗೆ ಕೊಟ್ಟದ್ದೆಂದು ಗೊತ್ತಾದರೆ ವಿಮೆ ಬರೋದಿಲ್ಲ ಸಾರ್" ಎಂದನು! ಮಾತು ಸತ್ಯ. ಸ್ವಂತದ ವಾಹನದ ವಿಮೆಯಲ್ಲಿ ಬಾಡಿಗೆಯ ಉಪಯೋಗವನ್ನು ಹೊರತುಪಡಿಸಿಯೇ ಬರೆದಿರುತ್ತಾರೆ. ತಗಡಿನ ಬದಲು ಮನುಷ್ಯನಿಗೆ ತಾಕಿದ್ದರೆ ನಮ್ಮ ಗತಿಯೇನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ಠೇವಣಿಯ ಹಣ ಹೋಯಿತು, ಮೇಲೆ ಇಷ್ಟು ತೆತ್ತೆವು. ಕಂಪ್ಲಿಗೆ ಹೋಗಲು ಹಣವೂ ಉಳಿಯಲಿಲ್ಲ, ಮುಖವೂ ಉಳಿಯಲಿಲ್ಲ.

ಊರಿಗೆ ಬಂದ ಮೇಲೆ ಈ ಫಲಕಗಳ ಶಾಸ್ತ್ರವನ್ನು, ಅಮರಕೋಶವನ್ನು ಓದಿದ ಶ್ರದ್ಧೆಯಿಂದಲೇ ಓದಿದೆನು. ಹಳದಿಯ ಫಲಕದ ಮೇಲೆ ಕರಿಯ ಅಕ್ಷರವಿದ್ದರೆ ಚಾಲಕನ ಸಮೇತ ಬಾಡಿಗೆಗೆ ಬರುವ ಟ್ಯಾಕ್ಸಿ. ಕರಿಯ ಫಲಕದ ಮೇಲೆ ಹಳದಿಯ ಅಕ್ಷರವಿದ್ದರೆ ನಾವೇ ಓಡಿಸಿಕೊಳ್ಳಲೆಂದು ಬಾಡಿಗೆಗೆ ಕೊಡುವುದು. ವಿದ್ಯುತ್ತಿನ ವಾಹನಗಳಿಗೆ ಹಸುರು ಫಲಕ. ಅದರಲ್ಲಿ ಬಿಳಿಯ ಅಕ್ಷರ ಸ್ವಂತದ್ದು, ಹಳದಿಯ ಅಕ್ಷರ ಬಾಡಿಗೆಯದು. ಕರಿಯ ಫಲಕದ ಕಾರುಗಳು ಸಣ್ಣ ಊರುಗಳಲ್ಲಿ ಏಕೆ ದುರ್ಲಭವೆಂಬುದಕ್ಕೂ ಕಾರಣವಿದೆ: ಇದಕ್ಕಾಗಿ ಕೇಂದ್ರ ಸರ್ಕಾರ ೧೯೮೯ರಲ್ಲಿ ಮಾಡಿದ ಯೋಜನೆಯಂತೆ ಪರವಾನಗಿ ಬೇಡುವವನ ಬಳಿ ಕಡಮೆಯೆಂದರೆ ೫೦ ಕಾರುಗಳಿರಬೇಕು. ಒಂದೆರಡು ಕಾರಿನವನು ಅಷ್ಟು ಎಲ್ಲಿಂದ ತಂದಾನು? ಆದಕಾರಣ ಬಿಳಿಯ ಫಲಕದ ವ್ಯವಹಾರ ಗುಟ್ಟಿನಲ್ಲಿ ನಡೆಯುತ್ತದೆ. ಬಾಡಿಗೆ ಅಗ್ಗ, ಭಯ ತುಟ್ಟಿ. ತರುಣರು ಬಾಡಿಗೆಗೆ ಹಿಡಿಯುವ ಮೋಟಾರು ಸೈಕಲುಗಳ ವಿಷಯದಲ್ಲಿಯೂ ಫಲಕವನ್ನು ನೋಡಿಯೇ ಹಣ ಕೊಡತಕ್ಕದ್ದು. ಎಂಪರಿವಾಹನ್ ಎಂಬ ಸರ್ಕಾರದ ಆ್ಯಪಿನಲ್ಲಿ ವಾಹನದ ಸಂಖ್ಯೆಯನ್ನು ಹಾಕಿದರೆ ಅದು ಯಾವ ವರ್ಗದ್ದು, ವಿಮೆ ಎಂದಿನವರೆಗಿದೆ ಎಂಬುದೆಲ್ಲ ಮೊಬೈಲಿನಲ್ಲಿಯೇ ತಿಳಿಯುತ್ತದೆ. ಇದನ್ನು ನನಗೆ ಕಲಿಸಿದವಳು ಮೊಮ್ಮಗಳೇ.

ಕಳೆದ ಮಾಘದಲ್ಲಿ ಅದೇ ಐದು ಮಂದಿ ಮತ್ತೆ ಹೊಸಪೇಟೆಗೆ ಹೋದೆವು. ಈ ಸಲ ನಾನೇ ವಿಚಾರಿಸಿದೆನು. ಹಳದಿಯ ಫಲಕದ ಎರಡು ಮೂರು ಗಾಡಿಗಳ ಪೈಕಿ ಒಬ್ಬ ನಡುವಯಸ್ಸಿನ ಚಾಲಕ ನನ್ನ ಪ್ರಶ್ನೆಗಳನ್ನೆಲ್ಲ ಕೇಳಿ, "ಸಾರ್, ಮೊದ್ಲು ಅಮ್ಮಾರನ್ನ ಕೂಡಿಸಿ ನೋಡ್ರಿ, ಆಮ್ಯಾಲೆ ಬಾಡಿಗಿ ಮಾತಾಡಾಣ" ಎಂದನು. ನಾನು ಮೂರು ವರ್ಷದಲ್ಲಿ ಕಲಿತದ್ದನ್ನು ಆತ ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದ. ಅವನದು ಎರ್ಟಿಗಾ. ಅಕ್ಕ ಆಸನದ ಅಂಚಿಗೆ ಬೆನ್ನು ಮಾಡಿ ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ಎಳೆದುಕೊಂಡಳು. ಎತ್ತರದ ಗಾಡಿಗೆ ಹತ್ತುವುದು ಕಷ್ಟ. ತೀರ ತಗ್ಗಿನದರಿಂದ ಏಳುವುದು ಕಷ್ಟ. ಮೊಣಕಾಲು ನೋಯುವವರಿಗೆ ಮನೆಯ ಮಂಚದ ಎತ್ತರದ ಆಸನವೇ ಹಿತ. ಇದು ಯಾವ ಜಾಹೀರಾತಿನಲ್ಲಿಯೂ ಇರುವುದಿಲ್ಲ. ಸಾಮಾನು ಹೆಚ್ಚಿದ್ದವರು ಇನ್ನೊಂದನ್ನೂ ನೋಡಬೇಕು: ಸಿ.ಎನ್.ಜಿ. ಅನಿಲದ ಗಾಡಿಯಾದರೆ ಹಿಂದಿನ ಜಾಗವನ್ನು ಅದರ ಉರುಳೆಯೇ ನುಂಗಿರುತ್ತದೆ.

ಬಾಡಿಗೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮವುಂಟು. ಪರಸ್ಥಳದ ಪ್ರಯಾಣಕ್ಕೆ ದಿನವೊಂದಕ್ಕೆ ಕನಿಷ್ಠ ೨೫೦ ಅಥವಾ ೩೦೦ ಕಿಲೋಮೀಟರೆಂದು ಲೆಕ್ಕ ಹಿಡಿಯುವುದು ಹಲವು ಕಡೆ ರೂಢಿ. ಸಂಡೂರಿಗೆ ಹೋಗಿಬರಲು ೬೦, ಬೆಟ್ಟ ಸುತ್ತಾಟ ಸೇರಿಸಿದರೂ ೧೦೦ ಆಗದು. ಓಡದ ೨೦೦ ಕಿಲೋಮೀಟರಿಗೆ ಹಣವೇಕೆ ಕೊಡಬೇಕು? ಎಂಟು ಗಂಟೆ, ೮೦ ಕಿಲೋಮೀಟರು ಎಂಬ ದಿನದ ಕರಾರು ಇಲ್ಲಿಗೆ ಒಪ್ಪುವುದು. ಮೇಲಾದುದಕ್ಕೆ ಬೇರೆ ದರ. ಎಣಿಕೆ ಎಲ್ಲಿಂದ ಪ್ರಾರಂಭ, ಚಾಲಕನ ಭತ್ಯ, ವಾಹನ ನಿಲ್ಲಿಸುವ ಶುಲ್ಕ ಯಾರದು ಎಂಬಿವನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆದುಕೊಂಡೆವು. ಚಾಲಕ ನಗುತ್ತಲೇ ಸಹಿ ಹಾಕಿದ.

ಮೊದಲ ದಿನ ಹಂಪೆ. ವಿಠ್ಠಲ ದೇವಾಲಯಕ್ಕೆ ಯಾರ ಕಾರೂ ಹೋಗುವುದಿಲ್ಲ. ಸುಮಾರು ಒಂದು ಕಿಲೋಮೀಟರು ಹಿಂದೆಯೇ ನಿಲ್ಲಿಸಿ ಬ್ಯಾಟರಿಯ ಗಾಡಿಯಲ್ಲಿ ಹೋಗಬೇಕು. ಇದು ಒಳ್ಳೆಯದೇ. ಕಲ್ಲಿನ ರಥದ ಮುಂದೆ ನಿಂತು, ಇದರ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದುವು, ಜನರು ತಿರುಗಿಸಿ ತಿರುಗಿಸಿ ಸವೆಯಿಸುವರೆಂದು ಗಾರೆ ಹಾಕಿ ನಿಲ್ಲಿಸಿದ್ದಾರೆ ಎಂದು ನಾನು ವಿವರಿಸುತ್ತಿರಲು ಮೊಮ್ಮಗಳು, "ತಾತ, ಈ ರಥಕ್ಕೆ ಯಾವ ಬಣ್ಣದ ಬೋರ್ಡು?" ಎಂದಳು. ಅಕ್ಕ ನಕ್ಕದ್ದನ್ನು ನಾನು ಬಹುದಿನಗಳ ಮೇಲೆ ಕೇಳಿದೆನು.

ಹೊಳೆಯಲ್ಲಿ ಹರಿಗೋಲುಗಳಿದ್ದುವು. ೧೫೨೦ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸನು ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ಈ ದೋಣಿಗಳನ್ನು ಕಂಡು, ಇವು ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆಂದು ಆಶ್ಚರ್ಯಪಟ್ಟು ಬರೆದಿದ್ದಾನೆ. ಐನೂರು ವರ್ಷದಲ್ಲಿ ಇವು ನೆಟ್ಟಗೆ ಹೋಗಲು ಕಲಿತಿಲ್ಲ; ಕಲಿಯುವುದೂ ಬೇಡ. ಅಕ್ಕನಿಗೆ ಇದು ಸಲ್ಲದೆಂದು ಚಾಲಕ ತಲೆಯಲ್ಲಾಡಿಸಿದ, ನಾವೂ ಇಳಿಯಲಿಲ್ಲ.

ಮಧ್ಯಾಹ್ನದ ಮೇಲೆ ದರೋಜಿಯ ಕರಡಿಧಾಮಕ್ಕೆ ಹೋದೆವು. ಇದು ೧೯೯೪ರಲ್ಲಿ ಸ್ಥಾಪಿತವಾದದ್ದು. ಒಳಗಿನ ವೀಕ್ಷಣಾ ಗೋಪುರಕ್ಕೆ ಸ್ವಂತದ ಅಥವಾ ಬಾಡಿಗೆಯ ವಾಹನವಿಲ್ಲದೆ ಹೋಗುವುದು ಕಷ್ಟ. ಕಮಲಾಪುರದಲ್ಲಿಯೇ ನೀರನ್ನು ತುಂಬಿಸಿಕೊಳ್ಳುವುದು ಕ್ಷೇಮ. ನಮ್ಮ ಚಾಲಕ ಯಂತ್ರವನ್ನು ಆರಿಸಿ, ಬಾಗಿಲು ಬಡಿದ ಶಬ್ದವಾಗದಂತೆ ಕೈಯಲ್ಲಿ ಹಿಡಿದು ಮುಚ್ಚಿದನು. ಎದುರು ಗುಡ್ಡದ ಬಂಡೆಗಳಿಗೆ ಅರಣ್ಯದವರು ಬೆಲ್ಲದ ಪಾಕವನ್ನು ಬಳಿದಿರುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಒಂದು ತಾಯಿ ಕರಡಿ, ಬೆನ್ನ ಮೇಲೆ ಮರಿಯನ್ನು ಹೊತ್ತು, ಬಂಡೆಯಿಂದ ಬಂಡೆಗೆ ನಿಧಾನವಾಗಿ ಇಳಿದು ಬಂತು. ಗೋಪುರದ ಮೆಟ್ಟಿಲು ಹತ್ತಲಾರದ ಅಕ್ಕ ಕೆಳಗೆ ಗಾಡಿಯಲ್ಲಿಯೇ ಉಳಿದಿದ್ದಳು. ಆದರೆ ಆಕೆಗೆ ಅಂದು ಒಂದು ನವಿಲು ಕಂಡಿತಂತೆ, ನಮಗೆ ಅದು ಕಾಣಲಿಲ್ಲವೆಂದು ಆಕೆಗೆ ಹೆಮ್ಮೆ.

ಎರಡನೆಯ ದಿನ ಸಂಡೂರು. ೧೯೪೯ರವರೆಗೆ ಇದು ಘೋರ್ಪಡೆ ಮನೆತನದವರ ಚಿಕ್ಕ ಸಂಸ್ಥಾನ. ಗಾಂಧೀಜಿ ೧೯೩೪ರಲ್ಲಿ ಇಲ್ಲಿಗೆ ಬಂದಿದ್ದರು. ಮಳೆಗಾಲದ ಕೊನೆಯಲ್ಲಿ ಈ ಕಣಿವೆಯ ಹಸುರು ನೋಡತಕ್ಕದ್ದು. ಮಾಘದಲ್ಲಿ ನಾವು ಕಂಡದ್ದು ಕೆಂಪು. ಅದಿರಿನ ಲಾರಿಗಳು ಹೋದ ದಾರಿಯಲ್ಲಿ ಗಿಡದ ಎಲೆಯೂ ಕೆಂಪು, ಮೈಲಿಗಲ್ಲೂ ಕೆಂಪು. ೨೦೧೧ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ತರುವಾಯ ಮಿತಿಗಳೊಂದಿಗೆ ಬಿಟ್ಟಿತು. ಇಲ್ಲಿ ಕಿಟಕಿಯ ಗಾಜನ್ನು ಏರಿಸಿ, ಹೊರಗಿನ ಗಾಳಿಯನ್ನು ಎಳೆಯದಂತೆ ತಂಪುಯಂತ್ರವನ್ನು ತಿರುಗಿಸಬೇಕು. ಅದು ಸರಿಯಾಗಿದೆಯೇ ಎಂದು ಹೊರಡುವ ಮೊದಲೇ ಪರೀಕ್ಷಿಸಬೇಕು. ಬೆಟ್ಟದಲ್ಲಿ ಆ ಹಳೆಯ ಬಂಡೆಯನ್ನು ಮೊಮ್ಮಗಳು ಗುರುತಿಸಿ ತೋರಿಸಿದಳು. ನಾನು ಬೇರೆ ಕಡೆ ನೋಡಿದೆನು.

ಮೂರನೆಯ ದಿನ ಕಂಪ್ಲಿ. ಕಂಪಿಲರಾಯನ, ಕುಮಾರರಾಮನ ಹೆಸರು ಹೊತ್ತ ಊರು. ಮಳೆಗಾಲದಲ್ಲಿ ಹೋಗುವವರು ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಬೇಕು. ಪ್ರವಾಹ ಬಂದರೆ ಗಂಗಾವತಿಯ ಕಡೆಗಿನ ಕಂಪ್ಲಿಯ ಸೇತುವೆ ಮುಳುಗುತ್ತದೆ, ಸುತ್ತಿನ ದಾರಿಯಲ್ಲಿ ಕಿಲೋಮೀಟರಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ೧೯ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ ಅಕ್ಕ ಮೂರು ದಿನ ಟೆಲಿವಿಷನ್ನಿನ ಮುಂದಿನಿಂದ ಎದ್ದಿರಲಿಲ್ಲ.

ಮಾಘದಲ್ಲಿ ಹೊಳೆ ಇಳಿದಿತ್ತು. ಹಳೆಯ ಮನೆಯಿದ್ದ ಬೀದಿಯಲ್ಲಿ ಗಾಡಿಯನ್ನು ನಿಧಾನ ಮಾಡಿಸಿದೆವು. ಆ ಜಾಗದಲ್ಲಿ ಬೇರೆ ಕಟ್ಟಡವೆದ್ದಿತ್ತು. ಅಕ್ಕ, "ಮುಂದೆ ಹೋಗಪ್ಪ" ಎಂದಳು. ಚಾಲಕ ಹೊಳೆಯ ಕಡೆಗೆ ಗಾಡಿ ಸಾಗಿಸಿ, ಕೆಳಗಿಳಿದು ನೆಲವನ್ನು ಕಾಲಿನಿಂದ ಒತ್ತಿ ನೋಡಿ ಬಂದು, ಹಿಂದುಮುಂದಾಗಿ ತಿರುಗಿಸಿ, ಅಕ್ಕನ ಬಾಗಿಲು ನೀರಿನ ಕಡೆಗೆ ಬರುವಂತೆ ನಿಲ್ಲಿಸಿದನು. ಆಕೆ ಇಳಿಯಲಿಲ್ಲ. ಆಸನದ ಅಂಚಿಗೆ ಸರಿದು ಕಾಲುಗಳನ್ನು ಹೊರಗೆ ಇಳಿಬಿಟ್ಟು ಮುಕ್ಕಾಲು ಗಂಟೆ ಕುಳಿತಿದ್ದಳು. ಮೊಮ್ಮಗಳು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅದನ್ನು ಕಣ್ಣಿಗೆ ಒತ್ತಿಕೊಂಡು, ಉಳಿದುದನ್ನು ಪಾದದ ಮೇಲೆ ಹೊಯ್ದುಕೊಂಡಳು. ಎಂಟು ಗಂಟೆಯ ಕರಾರು ಮೀರುತ್ತಿತ್ತು. ಚಾಲಕ ಗಡಿಯಾರವನ್ನು ನೋಡಲಿಲ್ಲ, ಆದುದರಿಂದ ನಾನೂ ನೋಡಲಿಲ್ಲ.

ಹಿಂದಿರುಗುವಾಗ ಪೋಲೀಸಿನವರು ಕೈ ಅಡ್ಡ ಹಿಡಿದರು. ನಾನು ಕರಾರಿನ ಕಾಗದವನ್ನು ಕಿಸೆಯಿಂದ ತೆಗೆದು, ಇದು ಬಾಡಿಗೆಯ ಗಾಡಿ, ಇವರು ಚಾಲಕರು, ನಾವು ಇಂತಹವರು ಎಂದು ಹೇಳಲು ಗಂಟಲನ್ನು ಸರಿಮಾಡಿಕೊಂಡೆನು. ಆತ ಫಲಕವನ್ನೊಮ್ಮೆ ನೋಡಿ, ಹೋಗಿರೆಂದು ಕೈ ಬೀಸಿದನು.

"ಅಯ್ಯೋ ತಾತ, ಅವರು ಕೇಳಲೇ ಇಲ್ಲ!" ಎಂದಳು ಮೊಮ್ಮಗಳು.