ಕೊಡದ ಖೋ

ನಮ್ಮ ನವೋದಯ ಶಾಲೆಯ ಈ ಸಲದ ಅಂತರ ಹೌಸ್ ಖೋ ಖೋ ಫೈನಲ್‌ನಲ್ಲಿ ನನಗೆ ಸಿಕ್ಕ ಖುಷಿ ಓಡಿದವನಿಂದ ಬಂದದ್ದಲ್ಲ, ಕೂತವನಿಂದ ಬಂದದ್ದು. ನಮ್ಮ ನೀಲಗಿರಿ ಹೌಸಿನ ಎಂಟನೇ ತರಗತಿಯ ಹುಡುಗ ನಾಲ್ಕನೇ ಚೌಕದಲ್ಲಿದ್ದ. ಕೆಂಪು ಟೀ ಶರ್ಟಿನ ಶಿವಾಲಿಕ್ ಓಟಗಾರ ಕೂತವರ ನಡುವೆ ಹೊಲಿಗೆ ಹಾಕಿದ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ನುಸುಳುತ್ತಿದ್ದ. ನಮ್ಮ ಬೆನ್ನಟ್ಟುವವನು ನಾಲ್ಕನೆಯವನ ಬೆನ್ನ ಹತ್ತಿರ ಬಂದು ಭುಜ ಬಗ್ಗಿಸಿದ. ಕೂತಿದ್ದ ಹುಡುಗ ಅಂಗೈಯನ್ನು ನೆಲಕ್ಕೆ ಒತ್ತಿ, ಮಂಡಿ ಬಿಗಿ ಮಾಡಿ, ಇನ್ನೇನು ಎದ್ದೇಬಿಟ್ಟ ಅನ್ನುವಂತೆ ಮುಂದಕ್ಕೆ ತೂಗಿದ. ಏಳಲಿಲ್ಲ. ಅವನಿಗೆ ಖೋ ಬಂದಿರಲೇ ಇಲ್ಲ. ಓಟಗಾರ ಆ ತೂಗನ್ನು ನಂಬಿ ಥಟ್ಟನೆ ಈಚೆಗೆ ನುಸುಳಿದ. ಈಚೆಯಲ್ಲೇ ಇದ್ದ ನಮ್ಮವನು ಕೈ ಚಾಚಿದ್ದಷ್ಟೆ. ಔಟ್!

ಖೋ ಖೋದ ಎಲ್ಲ ಪಟ್ಟುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಕೊಡದ ಖೋ. ಬೆನ್ನಟ್ಟುವವನು ನಡುಪಟ್ಟಿ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಓಡುವವನಿಗೆ ಎರಡೂ ಸಲೀಸು. ಈ ಅಸಮ ಜಗಳವನ್ನು ಸರಿದೂಗಿಸಲೆಂದೇ ಎಂಟು ಜನ ಕೂತಿರುತ್ತಾರೆ. ಪಳಗಿದ ಓಟಗಾರ ‘ಖೋ’ ಎಂಬ ಕೂಗು ಕಿವಿಗೆ ಬೀಳುವವರೆಗೆ ಕಾಯುವುದಿಲ್ಲ. ಬೆನ್ನಟ್ಟುವವನ ಭುಜ ಮತ್ತು ಕೂತವನ ಮಂಡಿ ನೋಡಿಕೊಂಡೇ ಬದಿ ಬದಲಿಸುತ್ತಾನೆ. ಭುಜ ಸುಳ್ಳು ಹೇಳುತ್ತದೆಂದು ಅವನು ಆರು ತಿಂಗಳಲ್ಲಿ ಕಲಿತುಬಿಡುತ್ತಾನೆ. ಮಂಡಿಯೂ ಸುಳ್ಳು ಹೇಳೀತು ಎಂದು ಅವನಿಗೆ ಹೊಳೆಯುವುದಿಲ್ಲ, ಏಕೆಂದರೆ ಕೂತವರಿಗೆ ಸುಳ್ಳು ಕಲಿಸುವ ಪುಣ್ಯಾತ್ಮರೇ ಕಡಿಮೆ. ಇದರಲ್ಲಿ ಅಪಾಯವೂ ಇದೆ. ಒಂದು ಎಳೆ ಹೆಚ್ಚಾದರೆ ಖೋ ಬರುವ ಮುಂಚೆಯೇ ಎದ್ದ ಫೌಲ್. ತೂಗಬೇಕು, ಏಳಬಾರದು. ಇದು ಬರಬೇಕೆಂದು ನಾನು ಬೆಳಗಿನ ಪಿ.ಟಿ. ಮುಗಿದ ಮೇಲೆ ಹುಡುಗರನ್ನು ಕೂರಿಸಿ ಹಿಂದಿನಿಂದ ಬರೀ ಮುಟ್ಟುತ್ತೇನೆ, ಕೂಗುವುದಿಲ್ಲ. ಇನ್ನೊಮ್ಮೆ ಬರೀ ಕೂಗುತ್ತೇನೆ, ಮುಟ್ಟುವುದಿಲ್ಲ. ಸ್ಪರ್ಶ ಮತ್ತು ಸದ್ದು ಒಟ್ಟಿಗೆ ಬಂದಾಗ ಮಾತ್ರ ಏಳಬೇಕು. ಮೊದಲ ವಾರ ಎಲ್ಲರೂ ಎದ್ದು ನಗುತ್ತಾರೆ. ಮೂರನೇ ವಾರದ ಹೊತ್ತಿಗೆ ಅವರ ಬೆನ್ನಿಗೇ ಕಿವಿ ಮೂಡಿರುತ್ತದೆ.

ಬೇರೆ ಹೌಸ್ ಮಾಸ್ಟರುಗಳ ಜೊತೆ ನನ್ನ ಜಗಳ ಇರುವುದು ಇಲ್ಲೇ. ಓಡಬಲ್ಲ ಮೂವರು, ಕಂಬದ ಹತ್ತಿರ ಡೈವ್ ಹೊಡೆಯಬಲ್ಲ ಇಬ್ಬರು ಸಿಕ್ಕರೆ ಅವರಿಗೆ ತಂಡ ಆಯಿತು. ಉಳಿದ ಚೌಕಗಳಿಗೆ ಯಾರಾದರೂ ನಡೆಯುತ್ತಾರೆ. ‘ಸುಮ್ನೆ ಕೂತ್ಕೋ, ಖೋ ಬಂದ್ರೆ ಎದ್ದು ಮುಂದಿನವನಿಗೆ ಕೊಡು’ ಎಂದು ಹೇಳಿ ಕಳಿಸಿದ್ದನ್ನು ನಾನೇ ಕೇಳಿದ್ದೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ನಮ್ಮ ಗಂಡಸರೂ ಹೆಂಗಸರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದಾಗ ಡಾರ್ಮೆಟರಿಯೆಲ್ಲ ಕುಣಿಯಿತು; ನಾನೂ ಕುಣಿದೆ. ಆದರೆ ಆಮೇಲೆ ಮೊಬೈಲಿನ ತುಣುಕುಗಳಲ್ಲಿ ಮಕ್ಕಳಿಗೆ ಉಳಿದದ್ದು ಗಾಳಿಯಲ್ಲಿ ಹಾರಿ ಹೊಡೆದ ಡೈವ್ ಮಾತ್ರ. ಈಗ ಮುರಂ ಮಣ್ಣಿನ ಅಂಗಳದಲ್ಲಿ ಎಲ್ಲರದೂ ಡೈವ್, ಎಲ್ಲರ ಮೊಣಕೈಗೂ ಟಿಂಚರ್. ಕೂರುವುದನ್ನು ಕಲಿಯಬೇಕೆಂದು ಒಬ್ಬನೂ ಕೇಳಿಕೊಂಡು ಬರುವುದಿಲ್ಲ. ಐದನೇ ತರಗತಿಯಲ್ಲಿ ಪರೀಕ್ಷೆ ಬರೆದು, ಜಿಲ್ಲೆಯ ಮೂಲೆಮೂಲೆಗಳಿಂದ ಟ್ರಂಕು ಹೊತ್ತು ಬರುವ ಎಂಬತ್ತು ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ನಾಲ್ಕು ಹೌಸುಗಳಿಗೆ ಹಂಚುತ್ತಾರಲ್ಲ, ಅದು ಕಪ್ ಗೆಲ್ಲಬಲ್ಲ ಐವರನ್ನು ಆರಿಸಿಕೊಳ್ಳಲಿಕ್ಕಲ್ಲ. ಹಾಗೆ ಆರಿಸಲು ಕ್ಲಸ್ಟರ್ ಮೀಟ್ ಇದೆ, ಹೈದರಾಬಾದ್ ರೀಜನ್ನಿನ ಮೀಟ್ ಇದೆ. ಹೌಸ್ ಆಟದಲ್ಲಾದರೂ ಓಡಲಾರದ ಹುಡುಗನಿಗೆ ಒಂದು ಚೌಕ ಸಿಗಬೇಕು, ಆ ಚೌಕದಲ್ಲಿ ಅವನಿಗೊಂದು ಕೆಲಸವೂ ಇರಬೇಕು.

ಇದೇ ಜಗಳ ಶನಿವಾರ ಸಂಜೆಯ ಸಿ.ಸಿ.ಎ. (ಸಹಪಠ್ಯ ಚಟುವಟಿಕೆ) ಹೊತ್ತಿಗೆ ಸಭಾಂಗಣದ ಒಳಗೂ ಬರುತ್ತದೆ. ಸಮೂಹಗಾನ ಸ್ಪರ್ಧೆಯೆಂದರೆ ನನಗೆ ಖೋ ಖೋದಷ್ಟೇ ಜೀವ. ಆದರೆ ಹೌಸಿನ ಗುಂಪಿಗೆ ಶ್ರುತಿ ಹೊಂದಿಸುವುದು ಸುಲಭದ ಮಾತಲ್ಲ. ಆರನೇ ತರಗತಿಯ ಹುಡುಗನ ದನಿ ಹುಡುಗಿಯರ ದನಿಯ ಜೊತೆ ಹೋಗುತ್ತದೆ. ಹನ್ನೊಂದನೆಯವನದು ಒಂದು ಸ್ಥಾಯಿ ಕೆಳಗೆ ಇಳಿದು ನಿಂತಿರುತ್ತದೆ. ನಡುವೆ ಎಂಟು, ಒಂಬತ್ತನೇ ತರಗತಿಯ ಹುಡುಗರು: ಧ್ವನಿಪೆಟ್ಟಿಗೆ ಬೆಳೆಯುತ್ತಿರುತ್ತದೆ, ಬೆಳಿಗ್ಗೆ ಹತ್ತಿದ ಸ್ವರ ಸಂಜೆಗೆ ಹತ್ತುವುದಿಲ್ಲ. ಹೆಚ್ಚಿನವರು ಇವರನ್ನು ಗುಂಪಿನಿಂದ ತೆಗೆದೇ ಬಿಡುತ್ತಾರೆ. ನಾನು ತೆಗೆಯುವುದಿಲ್ಲ. ಹಾರ್ಮೋನಿಯಂನಲ್ಲಿ ಕಪ್ಪು ಒಂದಕ್ಕೆ ಷಡ್ಜ ಇಟ್ಟರೆ ಹುಡುಗಿಯರು ಮೇಲಿನ ಸ್ಥಾಯಿಯಲ್ಲಿ, ದೊಡ್ಡ ಹುಡುಗರು ಕೆಳಗಿನದರಲ್ಲಿ ಆರಾಮಾಗಿ ಹಾಡುತ್ತಾರೆ. ದನಿ ಒಡೆದ ಹುಡುಗರಿಗೆ ಸಾಹಿತ್ಯವೇ ಬೇಡ. ಷಡ್ಜವನ್ನೋ ಕೆಳಗಿನ ಪಂಚಮವನ್ನೋ, ಅವತ್ತು ಯಾವುದು ಗಂಟಲಿಗೆ ದಕ್ಕುತ್ತದೋ ಅದನ್ನು ಬಾಯಿ ಮುಚ್ಚಿ ಹಿಡಿದುಕೊಂಡಿರಬೇಕು. ಉಸಿರು ಮುಗಿದವನು ಬಿಡುವಾಗ ಪಕ್ಕದವನು ಹಿಡಿಯಬೇಕು, ಎಲ್ಲರೂ ಒಟ್ಟಿಗೆ ಬಿಡಬಾರದು. ಬೆಳಿಗ್ಗೆ ಚೌಕದಲ್ಲಿ ಕೂತು ಬೆನ್ನಿಂದ ಕೇಳಿಸಿಕೊಂಡ ಹುಡುಗರಿಗೆ ಇದು ಬೇಗ ಬರುತ್ತದೆ. ಇವರ ಗುಂಯ್‌ಗುಡುವಿಕೆಯ ಮೇಲೆ ಮುಂದಿನ ಸಾಲಿನ ಹುಡುಗಿಯರು ಭಾವಗೀತೆಯ ಪಲ್ಲವಿ ಎತ್ತಿದಾಗ ನನ್ನ ಮೈ ಜುಮ್ಮೆನ್ನುತ್ತದೆ.

ಈ ಗುಂಪಿಗೆ ಹೊರಗಿನ ದನಿಗಳೂ ಸೇರುತ್ತವೆ. ಒಂಬತ್ತನೇ ತರಗತಿಗೆ ಹಿಂದಿ ಸೀಮೆಯ ನವೋದಯದಿಂದ ಮಕ್ಕಳು ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಬಂದವರು ಜೂನ್ ಜುಲೈನಲ್ಲಿ ಮೆಸ್ಸಿನ ಮುದ್ದೆ ನೋಡಿ ಕಣ್ಣೀರು ಹಾಕುತ್ತಾರೆ. ನವೆಂಬರಿನ ರಾಜ್ಯೋತ್ಸವಕ್ಕೆ ಕನ್ನಡ ಸಮೂಹಗಾನದ ಎರಡನೇ ಸಾಲಿನಲ್ಲಿ ನಿಂತಿರುತ್ತಾರೆ. ‘ಳ’ ಅವರ ನಾಲಿಗೆಗೆ ಹೊರಳುವುದಿಲ್ಲ, ಹಿಂದಿ ಹಾಡಿನಲ್ಲಿ ನಮ್ಮ ಮಕ್ಕಳ ಮಹಾಪ್ರಾಣ ಮಾಯವಾಗುತ್ತದೆ. ರಾತ್ರಿ ಊಟವಾದ ಮೇಲೆ ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತಾರೆ. ‘ಅಣ್ಣಾ, ನಾಲಿಗೆ ಇನ್ನೂ ಹಿಂದೆ ಮಡಚಿ’ ಎಂದು ಆರನೇ ತರಗತಿಯ ಪುಟ್ಟ ಒಬ್ಬ ಉದ್ದನೆಯ ಹುಡುಗನಿಗೆ ಪಾಠ ಹೇಳುವುದನ್ನು ಕೇಳುತ್ತ ನಾನು ಎಷ್ಟೋ ಸಲ ಬಾಗಿಲಲ್ಲೇ ನಿಂತುಬಿಟ್ಟಿದ್ದೇನೆ.

ಈಗ ಇದೆಲ್ಲಕ್ಕೂ ಕುತ್ತಾಗಿ ಬಂದಿರುವುದು ಕರೋಕೆ ಟ್ರ್ಯಾಕ್. ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು: ಪಿಟೀಲು, ಕೊಳಲು, ರಿದಂ ಪ್ಯಾಡ್, ಎಲ್ಲವೂ ಗೋಡೆ ನಡುಗುವಷ್ಟು ಜೋರು. ಮೂಲ ಗಾಯಕ ಹಾಡಿದ ಶ್ರುತಿಯಲ್ಲೇ ಟ್ರ್ಯಾಕ್ ಇರುತ್ತದೆ, ಹದಿಮೂರು ವರ್ಷದ ಮಕ್ಕಳು ಅದನ್ನು ಮುಟ್ಟಲು ಕತ್ತಿನ ನರ ಉಬ್ಬಿಸಿ ಕಿರುಚುತ್ತಾರೆ. ‘ಆ್ಯಪ್‌ನಲ್ಲಿ ಶ್ರುತಿ ಇಳಿಸಬಹುದು ಸರ್’ ಎಂದು ನನಗೆ ತಿಳಿವಳಿಕೆ ಹೇಳುತ್ತಾರೆ. ಇಳಿಸಿ. ಮಗು ಉಸಿರಿಗೆ ತಡವಾದಾಗ ನಿಮ್ಮ ಟ್ರ್ಯಾಕ್ ಅರೆಗಳಿಗೆ ನಿಲ್ಲುತ್ತದೆಯೇ? ಚರಣ ಮರೆತವಳಿಗೆ ಇನ್ನೊಂದು ಆವರ್ತ ತಿರುಗಿ ಬರುತ್ತದೆಯೇ? ಹಾರ್ಮೋನಿಯಂ ನುಡಿಸುವವನು ಮಕ್ಕಳ ಮುಖ ನೋಡುತ್ತ ನುಡಿಸುತ್ತಾನೆ. ಟ್ರ್ಯಾಕ್ ಯಾರ ಮುಖವನ್ನೂ ನೋಡುವುದಿಲ್ಲ. ಕಳೆದ ಸ್ಪರ್ಧೆಯಲ್ಲಿ ಒಂದು ಹೌಸಿನ ಹುಡುಗಿ ಅರ್ಧ ಸಾಲು ಹಿಂದೆ ಬಿದ್ದಳು. ಟ್ರ್ಯಾಕ್ ಮುಂದೆ ಹೋಯಿತು, ಗುಂಪು ಅದರ ಹಿಂದೆ ಓಡಿತು, ಅವಳು ಬಾಯಿ ಮುಚ್ಚಿಕೊಂಡು ನಿಂತಳು. ಬಹುಮಾನ ಆ ಹೌಸಿಗೇ ಬಂತು, ಸೌಂಡ್ ಚೆನ್ನಾಗಿತ್ತು ಎಂಬ ಕಾರಣಕ್ಕೆ. ತೀರ್ಪುಗಾರರ ಹಾಳೆಯಲ್ಲಿ ಶ್ರುತಿ, ಲಯ, ಸಾಹಿತ್ಯ, ಸಾಮರಸ್ಯ ಎಂಬ ಕಾಲಂಗಳಿದ್ದವು. ಆ ಮಗು ಯಾವ ಕಾಲಂನಲ್ಲೂ ಇರಲಿಲ್ಲ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಹಾರ್ಮೋನಿಯಂಗೆ ಅವಮಾನ ಹೊಸದಲ್ಲ ನಿಜ. ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ, ಅದರ ಸ್ವರಗಳು ನಮ್ಮ ರಾಗಗಳಿಗೆ ಒಗ್ಗುವುದಿಲ್ಲ ಎಂದು 1940ರಲ್ಲಿ ರೇಡಿಯೊ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ನಡೆಯಿತು. ಆ ವಾದದಲ್ಲಿ ಹುರುಳೂ ಇತ್ತು, ಒತ್ತಿದ ಸ್ವರ ಜಾರುವುದಿಲ್ಲ. ಆದರೂ ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಅದನ್ನು ಕೈಬಿಡಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಸಾಥ್ ವಾದ್ಯವೆನಿಸಿಕೊಂಡಿದ್ದ ಅದನ್ನು ಸೋಲೋ ಕಛೇರಿಯ ಎತ್ತರಕ್ಕೆ ಒಯ್ದು ತೋರಿಸಿದರು. ಬೆಳೆದ ಗಾಯಕರಿಗೆ ಅದು ಸಾಲದೇ ಇರಬಹುದು. ಸ್ವರ ಹುಡುಕುತ್ತಿರುವ ಇಪ್ಪತ್ತು ಮಕ್ಕಳಿಗೆ ಜಾರದೆ ನಿಲ್ಲುವ ಸ್ವರವೇ ಆಸರೆ. ಮಕ್ಕಳು ಜಾರಿದಲ್ಲಿ ಎರಡು ಬೆರಳು ಒತ್ತಿ ಹಿಡಿದರೆ ಮತ್ತೆ ಬಂದು ಸೇರಿಕೊಳ್ಳುತ್ತಾರೆ. ತಿದಿ ಒತ್ತುವ ಕೈಯಂತೂ ಗುಂಪಿನ ಉಸಿರನ್ನೇ ಅನುಸರಿಸುತ್ತದೆ.

ನಮ್ಮ ಹೌಸಿನ ಪೆಟ್ಟಿಗೆಯ ತಿದಿ ಈಗ ಎರಡು ಕಡೆ ಹರಿದಿದೆ, ಮಂದ್ರದ ಒಂದು ರೀಡು ಅದುರುತ್ತದೆ. ಈ ಭಾನುವಾರ ರಿಪೇರಿಗೆ ಒಯ್ಯುತ್ತಿದ್ದೇನೆ. ಟ್ರ್ಯಾಕ್ ಇರುವಾಗ ಈ ಖರ್ಚು ಯಾಕೆ ಎಂದು ಮೀಟಿಂಗಿನಲ್ಲಿ ಒಬ್ಬರು ಕೇಳಿದ್ದಾರೆ. ಮುಂದಿನ ಮೀಟಿಂಗಿಗೆ ಬಿಲ್ ಜೊತೆ ಇನ್ನೆರಡು ಬೇಡಿಕೆಗಳನ್ನೂ ಒಯ್ಯುತ್ತೇನೆ: ಸಮೂಹಗಾನದಲ್ಲಿ ಟ್ರ್ಯಾಕ್ ಬೇಡ, ಖೋ ಖೋದಲ್ಲಿ ಪ್ರತಿ ಹೌಸಿನಿಂದ ಆರನೇ ತರಗತಿಯ ಇಬ್ಬರಾದರೂ ಚೌಕದಲ್ಲಿ ಕೂರಲೇಬೇಕು.